ಪಾರ್ಕಿನ ಬೀಗದ ಕೈ ಯಾರ ಹತ್ತಿರ?

ಹೋದ ಸಂಚಿಕೆಯಲ್ಲಿ ಸಮಾಜಶಾಸ್ತ್ರಜ್ಞೆ ಅಮಿತಾ ಬಾವಿಸ್ಕರ್ ಅವರ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ದೆಹಲಿಯ ಪಾರ್ಕು, ಕಾಡು, ನದಿದಂಡೆ ಇವುಗಳಲ್ಲಿ ಬಡವರಿಗೆ ಎಷ್ಟು ಜಾಗ ಉಳಿದಿದೆ, ಪರಿಸರದ ಹೆಸರಿನಲ್ಲಿ ಅವರನ್ನು ಹೇಗೆ ಹೊರಗೆ ಹಾಕುತ್ತಾರೆ ಅಂತ ವರ್ಷಗಟ್ಟಲೆ ನೋಡಿ ಬರೆದವರು ಅವರು. ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಕೆಲವರು ಬೈದಿದ್ದಾರೆ, ಕೆಲವರು ತಮ್ಮ ಬೀದಿಯ ಪಾರ್ಕಿನ ಕಥೆಯನ್ನೇ ಬರೆದು ಕಳಿಸಿದ್ದಾರೆ. ಆರು ಪತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಸಮಾಜಶಾಸ್ತ್ರ ಅಂದರೆ ಜಾತಿ, ಮದುವೆ, ಕುಟುಂಬ ಅಂತ ನಾವು ಪಿಯುಸಿಯಲ್ಲಿ ಓದಿದ್ದು. ಪಾರ್ಕಿಗೂ ಅದಕ್ಕೂ ಏನು ಸಂಬಂಧ ಮೇಡಂ? ಇವರು ಯಾರು ಅಂತಲೂ ಸ್ವಲ್ಪ ಹೇಳಿ.
— ಪದವಿ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ನಿಮ್ಮೂರಿನ ಯಾವುದಾದರೂ ಪಾರ್ಕಿನ ಗೇಟಿನ ಹತ್ತಿರ ಅರ್ಧ ಗಂಟೆ ಸುಮ್ನೆ ನಿಂತು ನೋಡಿ. ಯಾರು ಸಲೀಸಾಗಿ ಒಳಗೆ ಹೋಗುತ್ತಾರೆ, ಯಾರನ್ನು ವಾಚ್‌ಮ್ಯಾನ್ ಎಲ್ಲಿಂದ ಬಂದಿರಿ ಅಂತ ಕೇಳುತ್ತಾನೆ, ಯಾರು ಬಾಗಿಲವರೆಗೂ ಬಂದು ಒಳಗೆ ಕಾಲಿಡದೆ ವಾಪಸ್ ಹೋಗುತ್ತಾರೆ. ನಿಮ್ಮ ಪಾಠದ ಜಾತಿ, ವರ್ಗ, ಹೆಣ್ಣು-ಗಂಡು ಎಲ್ಲ ಆ ಗೇಟಿನಲ್ಲೇ ಸಿಗುತ್ತವೆ.

ಬಾವಿಸ್ಕರ್ ದೆಹಲಿಯಲ್ಲಿ ಓದಿ, ಅಮೆರಿಕದ ಕಾರ್ನೆಲ್‌ನಲ್ಲಿ ಡಾಕ್ಟರೇಟ್ ಮಾಡಿದವರು. ಮೊದಲು ಕೆಲಸ ಮಾಡಿದ್ದು ಮಧ್ಯಪ್ರದೇಶದಲ್ಲಿ, ನರ್ಮದಾ ಅಣೆಕಟ್ಟಿನಿಂದ ಮುಳುಗಡೆಯ ಭಯದಲ್ಲಿದ್ದ ಭಿಲಾಲಾ ಆದಿವಾಸಿಗಳ ನಡುವೆ. ಅದರ ಪುಸ್ತಕ 1995ರಲ್ಲಿ ಬಂತು. ಆಮೇಲೆ ನಗರದ ಕಡೆ ತಿರುಗಿದರು. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್, ಇನ್‌ಸ್ಟಿಟ್ಯೂಟ್ ಆಫ್ ಎಕನಾಮಿಕ್ ಗ್ರೋತ್, ನಂತರ ಅಶೋಕ ವಿಶ್ವವಿದ್ಯಾಲಯದಲ್ಲಿ ಪಾಠ, ಸಂಶೋಧನೆ. 2010ರಲ್ಲಿ ಇನ್ಫೋಸಿಸ್ ಪ್ರಶಸ್ತಿ ಬಂತು. ಅದಕ್ಕೂ ಮೊದಲು, 2008ರಲ್ಲಿ, ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಹೆಸರಿನ ಪ್ರಶಸ್ತಿ. ಬೆಂಗಳೂರಿನ ನಾಗರಭಾವಿಯಲ್ಲಿರುವ ಐಸೆಕ್ ಎಂಬ ಸಮಾಜ-ಆರ್ಥಿಕ ಸಂಶೋಧನಾ ಸಂಸ್ಥೆಯನ್ನು 1972ರಲ್ಲಿ ಕಟ್ಟಿದವರು ಇದೇ ರಾವ್. ಬಾವಿಸ್ಕರ್ ಅವರ ದೆಹಲಿ ಬರಹಗಳೆಲ್ಲ 'ಅನ್‌ಸಿವಿಲ್ ಸಿಟಿ' ಎಂಬ ಪುಸ್ತಕವಾಗಿ 2020ರಲ್ಲಿ ಬಂದಿವೆ. ಇಂಗ್ಲಿಷಿನಲ್ಲಿದೆ, ಆದರೆ ಕಷ್ಟದ ಇಂಗ್ಲಿಷ್ ಅಲ್ಲ, ನೀವು ಓದಬಹುದು.

ಪ್ರಶ್ನೆ: ನಿಮ್ಮ ಬರಹ ಓದಿ ಬೇಸರವಾಯಿತು. ನಾನು ನಿವೃತ್ತ ಉಪಾಧ್ಯಾಯ. ನಮ್ಮ ಮನೆ ಎದುರಿನ ಪಾರ್ಕಿನಲ್ಲಿ ಬೆಳಗ್ಗೆ ಗಲೀಜು ಮಾಡಿ ಹೋಗುತ್ತಾರೆ. ಮೊಮ್ಮಕ್ಕಳು ಆಡುವ ಜಾಗ ಅದು. ನಾವು ಕೇಳಿದರೆ ತಪ್ಪಾ? ಬಡವರು ಅಂದ ಮಾತ್ರಕ್ಕೆ ಏನು ಬೇಕಾದರೂ ಮಾಡಬಹುದಾ?
— ಮೈಸೂರು

ಉತ್ತರ: ಕೇಳುವುದು ತಪ್ಪಲ್ಲ ಮೇಷ್ಟ್ರೇ. ಮಕ್ಕಳು ಆಡುವ ಕಡೆ ಗಲೀಜು ಇರಬಾರದು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಮ್ಮ ಪತ್ರ ಓದುತ್ತಿದ್ದಂತೆ ನನಗೆ ಬಾವಿಸ್ಕರ್ ಬರೆದ ಒಂದು ಘಟನೆ ನೆನಪಾಯಿತು. ಅದನ್ನು ಪೂರ್ತಿ ಹೇಳುತ್ತೇನೆ, ದಯವಿಟ್ಟು ಓದಿ.

ದೆಹಲಿಯ ಉತ್ತರಕ್ಕೆ ಅಶೋಕ್ ವಿಹಾರ್ ಅಂತ ಒಂದು ಬಡಾವಣೆ. ಒಂದು ಪಕ್ಕ ಅನುಕೂಲಸ್ಥರ ಮನೆಗಳು, ಇನ್ನೊಂದು ಪಕ್ಕ ವಜೀರ್‌ಪುರದ ಕಾರ್ಖಾನೆಗಳಲ್ಲಿ ದುಡಿಯುವವರ ಜೋಪಡಿಗಳು. ನಡುವೆ ಒಂದು ದೊಡ್ಡ ಬಯಲು. ಮನೆಯವರಿಗೆ ಅದು ಪಾರ್ಕು, ಬೆಳಗಿನ ವಾಕಿಂಗ್ ಜಾಗ. ಜೋಪಡಿಯವರಿಗೆ ಅದು ಬಯಲುಕಡೆಗೆ ಹೋಗುವ ಜಾಗ. 1995ರ ಜನವರಿ 30ರ ಬೆಳಗ್ಗೆ ಒಬ್ಬ ಹುಡುಗ ಅಲ್ಲಿಗೆ ಹೋದ. ವಯಸ್ಸು 18. ದೆಹಲಿಯವನೇ ಅಲ್ಲ, ಗಣರಾಜ್ಯೋತ್ಸವದ ಪೆರೇಡ್ ನೋಡಲು ಬಂದು ನೆಂಟರ ಮನೆಯಲ್ಲಿ ಇಳಿದುಕೊಂಡಿದ್ದ. ಸಿಟ್ಟಿಗೆದ್ದ ಬಡಾವಣೆ ಮನೆಯವರ ಒಂದು ಗುಂಪು ಮತ್ತು ಇಬ್ಬರು ಪೊಲೀಸ್ ಪೇದೆಗಳು ಸೇರಿ ಅವನನ್ನು ಹೊಡೆದರು. ಸತ್ತೇ ಹೋದ. ಜೋಪಡಿಯ ಜನ ಇದನ್ನು ಪ್ರತಿಭಟಿಸಲು ಸೇರಿದರೆ ಪೊಲೀಸರು ಗುಂಡು ಹಾರಿಸಿದರು. ಇನ್ನೂ ನಾಲ್ಕು ಜನ ಸತ್ತರು.

ಒಂದು ಚೊಂಬು ನೀರಿನ ವಿಷಯಕ್ಕೆ ಐದು ಜೀವ.

ಇಲ್ಲಿಗೇ ಬಿಟ್ಟರೆ ಇದು ಪೇಪರ್ ಸುದ್ದಿ. ಬಾವಿಸ್ಕರ್ ಇನ್ನೊಂದು ಲೆಕ್ಕ ತೆಗೆದರು. ಆ ಜೋಪಡಿಗಳಲ್ಲಿ ಸುಮಾರು 10,000 ಮನೆ. ಅಷ್ಟೂ ಮನೆಗೆ ಸಾರ್ವಜನಿಕ ಶೌಚಾಲಯ ಮೂರು, ಒಂದೊಂದರಲ್ಲಿ ಎಂಟು ಕಕ್ಕಸು. ಅಂದರೆ ಒಟ್ಟು 24. ಒಂದೊಂದಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ. ಬೆಳಗ್ಗೆ ಆರಕ್ಕೆ ಎದ್ದು, ಎಂಟಕ್ಕೆ ಕಾರ್ಖಾನೆ ಸೇರಬೇಕಾದ ಒಬ್ಬ ಮನುಷ್ಯ ಆ ಸಾಲಿನಲ್ಲಿ ನಿಂತರೆ ಅವನ ಸರದಿ ಬರುವುದು ಯಾವಾಗ? ಹೆಣ್ಣುಮಕ್ಕಳ ಪಾಡು ನಾನು ಬಿಡಿಸಿ ಹೇಳಬೇಕಾಗಿಲ್ಲ. ಕತ್ತಲು ಹರಿಯುವ ಮೊದಲೇ ಹೋಗಿ ಬರಬೇಕು, ಇಲ್ಲ ಅಂದರೆ ದಿನವಿಡೀ ತಡೆದುಕೊಳ್ಳಬೇಕು. ಬಡಾವಣೆಯ ಮನೆಯವರು ಮಾಡಿದ್ದೇನು? ದುಡ್ಡು ಸೇರಿಸಿ ಗೋಡೆ ಕಟ್ಟಿಸಿದರು. ಗೋಡೆ ಒಡೆಯಿತು. ಮತ್ತೆ ಜಗಳ. ಅದು ಪಾರ್ಕಿನ ಜಗಳ ಅಂತ ಎಲ್ಲರೂ ಅಂದುಕೊಂಡಿದ್ದರು, ನಿಜವಾಗಿ ಅದು ಕಕ್ಕಸಿನ ಜಗಳ. ಗೋಡೆಗೆ ಹಾಕಿದ ದುಡ್ಡಿನ ಜೊತೆ ಇನ್ನಷ್ಟು ಸೇರಿಸಿ, ಪಾಲಿಕೆಯ ಕುತ್ತಿಗೆ ಮೇಲೆ ಕೂತು ಶೌಚಾಲಯ ಕಟ್ಟಿಸಿದ್ದರೆ ಪಾರ್ಕೂ ಚೊಕ್ಕಟವಾಗಿರುತ್ತಿತ್ತು, ಆ ಹುಡುಗ ಪೆರೇಡ್ ನೋಡಿದ ಕಥೆ ಹೇಳಿಕೊಂಡು ಊರಿಗೆ ಹೋಗುತ್ತಿದ್ದ.

ಇನ್ನೂ ಒಂದು ವಿಷಯ. ದೆಹಲಿಗೆ 1962ರಲ್ಲೇ ಮಾಸ್ಟರ್ ಪ್ಲಾನ್ ಆಯಿತು. ಬಡಾವಣೆ, ರಸ್ತೆ, ಪಾರ್ಕು ಎಲ್ಲಕ್ಕೂ ಬಣ್ಣ ಹಚ್ಚಿ ನಕ್ಷೆ ಬರೆದರು. ಆದರೆ ಅದನ್ನೆಲ್ಲ ಕಟ್ಟಲು ಬಂದ ಕೂಲಿಯವರು ಎಲ್ಲಿ ಇರಬೇಕು ಅನ್ನುವುದಕ್ಕೆ ನಕ್ಷೆಯಲ್ಲಿ ಸಾಕಷ್ಟು ಜಾಗ ಇರಲಿಲ್ಲ. ಅವರು ಖಾಲಿ ಕಂಡ ಕಡೆ ಜೋಪಡಿ ಹಾಕಿಕೊಂಡರು. ಯೋಜನೆ ಮಾಡಿದ ನಗರದ ಹೊಟ್ಟೆಯಲ್ಲೇ ಯೋಜನೆ ಇಲ್ಲದ ನಗರ ಹುಟ್ಟಿತು ಅನ್ನುವುದು ಬಾವಿಸ್ಕರ್ ಅವರ ವಾದ. ಒತ್ತುವರಿ ಒತ್ತುವರಿ ಅಂತ ನಾವು ಕೂಗುವಾಗ ಈ ಹಳೇ ಲೆಕ್ಕ ನೆನಪಿರಬೇಕು, ಅಲ್ವಾ?

ನೀವು ಮೇಷ್ಟ್ರು, ನಿಮ್ಮ ಮಾತಿಗೆ ಬೀದಿಯಲ್ಲಿ ಬೆಲೆ ಇದೆ. ಅವರು ಎಲ್ಲಿಂದ ಬರುತ್ತಾರೆ, ಅವರ ಹತ್ತಿರ ಎಷ್ಟು ಶೌಚಾಲಯ ಇದೆ, ಅದರಲ್ಲಿ ನೀರು ಬರುತ್ತದಾ ಅಂತ ಒಮ್ಮೆ ಹೋಗಿ ಕೇಳಿ.

ಪ್ರಶ್ನೆ: ಹಾಗಾದರೆ ಪರಿಸರ ಉಳಿಸಿ ಅನ್ನುವುದೇ ತಪ್ಪು ಅಂತ ಇವರ ಅಭಿಪ್ರಾಯವಾ? ನಾನು ಹತ್ತು ವರ್ಷದಿಂದ ಕೆರೆ ಉಳಿಸುವ ಗುಂಪಿನಲ್ಲಿದ್ದೇನೆ.
— ಬೆಂಗಳೂರು

ಉತ್ತರ: ಖಂಡಿತ ಅಲ್ಲ. ನರ್ಮದೆಯ ದಂಡೆಯಲ್ಲಿ ಕೆಲಸ ಶುರು ಮಾಡಿದವರು ಪರಿಸರ ಬೇಡ ಅನ್ನುತ್ತಾರಾ? ಅವರು ಕೇಳುವುದು, ಯಾವ ಪರಿಸರ, ಯಾರ ಪರಿಸರ ಅಂತ. ಉಳ್ಳವರು ಚೆಂದ, ಚೊಕ್ಕಟ, ನೆಮ್ಮದಿ, ಆರೋಗ್ಯ ಇಷ್ಟನ್ನೇ ಪರಿಸರ ಅಂದುಕೊಂಡು, ಅದಕ್ಕೆ ಅಡ್ಡ ಬಂದ ಬಡವರನ್ನು ಎತ್ತಂಗಡಿ ಮಾಡಿಸುವುದಕ್ಕೆ ಅವರು 'ಬೂರ್ಜ್ವಾ ಪರಿಸರವಾದ' ಅಂತ ಹೆಸರಿಟ್ಟರು. ಹೆಸರು ಸ್ವಲ್ಪ ಭಾರ, ವಿಷಯ ಸರಳ.

ದೆಹಲಿಯಲ್ಲಿ ಇದರ ದೊಡ್ಡ ಉದಾಹರಣೆಗಳು ಕೋರ್ಟಿನ ಮೂಲಕ ಬಂದವು. 1996ರಲ್ಲಿ ಸುಪ್ರೀಂ ಕೋರ್ಟ್ 168 ಕಾರ್ಖಾನೆಗಳನ್ನು ದೆಹಲಿಯಿಂದ ಹೊರಗೆ ಹಾಕಲು ಹೇಳಿತು. ಅವು ಬಿಟ್ಟುಹೋದ ಜಾಗದಲ್ಲಿ ಒಂದು ಪಾಲು ಹಸಿರಿಗೆ ಅಂತಲೂ ಹೇಳಿತು. ಹೊಗೆ ಕಡಿಮೆಯಾಗಬೇಕು, ಸರಿ. ಆದರೆ ಆ ಹೊಗೆಯನ್ನು ಎಲ್ಲರಿಗಿಂತ ಹತ್ತಿರ ನಿಂತು ಕುಡಿದವರು ಅಲ್ಲಿಯ ಕಾರ್ಮಿಕರು. ಅವರಿಗೆ ಶುದ್ಧ ಗಾಳಿ ಬೇಡವಾಗಿತ್ತಾ? ಬೇಕಿತ್ತು. ಕೆಲಸ ಹೋಗದೆ ಬೇಕಿತ್ತು. 2000ದ ನವೆಂಬರ್‌ನಲ್ಲಿ ಮನೆಗಳ ನಡುವಿನ ಸಣ್ಣ ಕಾರ್ಖಾನೆಗಳಿಗೂ ಬೀಗ ಬೀಳಲು ಶುರುವಾದಾಗ ಜನ ಬೀದಿಗೆ ಇಳಿದರು.

ಅದೇ 2000ದಲ್ಲಿ ಬಂದ ಇನ್ನೊಂದು ತೀರ್ಪಿಗೆ ನಿಮ್ಮ ಬೆಂಗಳೂರಿನ ನಂಟಿದೆ. ಬೆಂಗಳೂರಿನವರಾದ ಅಲ್ಮಿತ್ರಾ ಪಟೇಲ್ ಕಸ ವಿಲೇವಾರಿ ಬಗ್ಗೆ ಹೋರಾಡಿ 1996ರಲ್ಲಿ ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದ್ದರು. ದೇಶಕ್ಕೆ 2000ದ ಘನತ್ಯಾಜ್ಯ ನಿಯಮಗಳು ಬಂದದ್ದರಲ್ಲಿ ಆ ಅರ್ಜಿಯ ಪಾಲು ದೊಡ್ಡದು, ಅದನ್ನು ಮರೆಯಬಾರದು. ಆದರೆ ಕಸದ ಮಾತು ದೆಹಲಿಯ ಸ್ಲಂಗಳ ಕಡೆ ತಿರುಗಿತು. ಸರ್ಕಾರಿ ಜಾಗ ಒತ್ತುವರಿ ಮಾಡಿದವರಿಗೆ ಬದಲಿ ಜಾಗ ಪುಕ್ಕಟೆ ಕೊಡುವುದು ಜೇಬುಗಳ್ಳನಿಗೆ ಬಹುಮಾನ ಕೊಟ್ಟಂತೆ ಅಂತ ತೀರ್ಪಿನಲ್ಲಿ ಬಂತು. ಕಸ ಎತ್ತುವವರು, ಕಸ ಆಯುವವರು ಇರುವುದೂ ಅದೇ ಜೋಪಡಿಗಳಲ್ಲಿ. ಅವರು ಆ ಕೋರ್ಟಿನ ಹಾಲಿನಲ್ಲಿ ಇರಲಿಲ್ಲ.

ಯಮುನೆಯ ಕಥೆ ಇನ್ನೂ ನೋವಿನದು. ನದಿ ಕೊಳಕಾಗಲು ದಂಡೆಯ ಜೋಪಡಿಗಳೇ ಕಾರಣ ಅನ್ನುವ ಮಾತು ಎಲ್ಲ ಕಡೆ ಹಬ್ಬಿತ್ತು. 2003ರಲ್ಲಿ ದೆಹಲಿ ಹೈಕೋರ್ಟ್ ತೆರವಿಗೆ ಹೇಳಿತು, 2004ರಲ್ಲಿ ಯಮುನಾ ಪುಷ್ತಾ ಅನ್ನುವ ದಂಡೆಯ ವಸತಿಯನ್ನು ಬುಲ್ಡೋಜರ್ ತಂದು ನೆಲಸಮ ಮಾಡಿದರು. ಲಕ್ಷಕ್ಕೂ ಹೆಚ್ಚು ಜನ ನೆಲೆ ಕಳೆದುಕೊಂಡರು. ಕೆಲವರಿಗೆ ನಗರದ ಅಂಚಿನ ಬವಾನಾದಲ್ಲಿ ಒಂದು ತುಂಡು ಜಾಗ ಸಿಕ್ಕಿತು, ಎಷ್ಟೋ ಜನರಿಗೆ ಅದೂ ಇಲ್ಲ. ನದಿ ಶುದ್ಧವಾಯಿತಾ? ಇಲ್ಲ. ಯಾಕೆಂದರೆ ಹೊಲಸು ಬರುತ್ತಿದ್ದದ್ದು ಇಡೀ ನಗರದ ಚರಂಡಿಗಳಿಂದ, ಅದರಲ್ಲೂ ನಜಫ್‌ಗಢ ನಾಲೆಯಿಂದ. ಕಕ್ಕಸೇ ಇಲ್ಲದ ಮನೆಯವನು ನದಿಗೆ ಎಷ್ಟು ಹೊಲಸು ಬಿಟ್ಟಾನು, ಫ್ಲಶ್ ಇರುವ ಮನೆಯವನು ಎಷ್ಟು ಬಿಟ್ಟಾನು, ನೀವೇ ಲೆಕ್ಕ ಹಾಕಿ. ಜೋಪಡಿ ಇರಬಾರದ ಆ ನದೀಪಾತ್ರದಲ್ಲೇ ದೊಡ್ಡ ದೇವಸ್ಥಾನ, ಮೆಟ್ರೋ ಡಿಪೋ, 2010ರ ಕಾಮನ್‌ವೆಲ್ತ್ ಕ್ರೀಡಾಗ್ರಾಮ ಎದ್ದವು.

ನಿಮ್ಮ ಕೆರೆ ಗುಂಪಿನ ಕೆಲಸ ದೊಡ್ಡದು, ಬಿಡಬೇಡಿ. ಕೆರೆ ಸುತ್ತ ಬೇಲಿ ಹಾಕುವ ಮೊದಲು ಅಲ್ಲಿ ದನ ಮೇಯಿಸುತ್ತಿದ್ದವರು, ಮೀನು ಹಿಡಿಯುತ್ತಿದ್ದವರು, ಬಟ್ಟೆ ಒಗೆಯುತ್ತಿದ್ದವರು, ಸೊಪ್ಪು ಕೊಯ್ಯುತ್ತಿದ್ದವರು ಎಲ್ಲಿ ಹೋಗುತ್ತಾರೆ ಅಂತ ಮೀಟಿಂಗಿನಲ್ಲಿ ಕೇಳಿ. ಇನ್ನೂ ಒಳ್ಳೆಯದು, ಅವರನ್ನೇ ಮೀಟಿಂಗಿಗೆ ಕರೆಯಿರಿ.

ಪ್ರಶ್ನೆ: ದೆಹಲಿ ನಡುವೆಯೇ ಕಾಡು ಇದೆಯಂತೆ, ನಿಜವಾ? ಅಲ್ಲಿ ಯಾವ ಮರ ಇವೆ? ನಮ್ಮ ಕಡೆ ಎಲ್ಲಿ ನೋಡಿದರೂ ಜಾಲಿ.
— ರೈತ, ಸಿರುಗುಪ್ಪ

ಉತ್ತರ: ನಿಜ, ಮತ್ತು ಅಲ್ಲೂ ನಿಮ್ಮ ಜಾಲಿಯೇ! ಈ ಪತ್ರ ನೋಡಿ ನನಗೆ ಬಹಳ ಖುಷಿಯಾಯಿತು.

ಅರಾವಳಿ ಬೆಟ್ಟದ ಬಾಲ ದೆಹಲಿಯ ಒಳಗೆ ಬಂದು ಮುಗಿಯುತ್ತದೆ. ಅದಕ್ಕೆ ರಿಡ್ಜ್ ಅಂತಾರೆ. ಪುರಾತನ ಕಾಡು ಅಂತ ಎಷ್ಟೋ ಜನ ನಂಬಿದ್ದಾರೆ. ಆದರೆ ಹಸಿರಿನ ಹೆಚ್ಚಿನ ಪಾಲು ನೂರು ಚಿಲ್ಲರೆ ವರ್ಷದ್ದು. ಹೊಸ ರಾಜಧಾನಿ ಕಟ್ಟುವಾಗ ಅದರ ಹಿಂದೆ ಹಸಿರು ಕಾಣಬೇಕು ಅಂತ ಬ್ರಿಟಿಷರು ಅಲ್ಲಿ ಮೇಯಿಸುವುದು, ಕಡಿಯುವುದು ನಿಲ್ಲಿಸಿ ಗಿಡ ನೆಡಿಸಿದರು. ಬೇರೇನೂ ಬದುಕದ ಕಲ್ಲುನೆಲದಲ್ಲಿ ಬದುಕಿದ್ದು ಮೆಕ್ಸಿಕೋ ಕಡೆಯ ಒಂದು ಮುಳ್ಳುಮರ. ಹಿಂದಿಯವರು ಅದನ್ನು ವಿಲಾಯತಿ ಕೀಕರ್ ಅನ್ನುತ್ತಾರೆ, ನಾವು ಬಳ್ಳಾರಿ ಜಾಲಿ ಅನ್ನುತ್ತೇವೆ. ಅದು ಪರದೇಶದ್ದು ಅಂತ ಅವರಿಗೆ ಹೆಸರಿನಲ್ಲೇ ನೆನಪಿದೆ, ನಾವು ನಿಮ್ಮ ಜಿಲ್ಲೆಯ ತಲೆಗೆ ಕಟ್ಟಿಬಿಟ್ಟಿದ್ದೇವೆ!

ದೆಹಲಿಯ ಪರಿಸರಪ್ರಿಯರು ಹೋರಾಡಿದ ಮೇಲೆ 1994ರಲ್ಲಿ ರಿಡ್ಜ್‌ನ 7,777 ಹೆಕ್ಟೇರನ್ನು ಮೀಸಲು ಅರಣ್ಯ ಮಾಡಲು ಅಧಿಸೂಚನೆ ಹೊರಡಿಸಿದರು. ಅದು ಒಳ್ಳೆಯದೇ, ಇಲ್ಲದಿದ್ದರೆ ಅಷ್ಟೂ ಜಾಗ ಕಟ್ಟಡವಾಗಿರುತ್ತಿತ್ತು. ಬಾವಿಸ್ಕರ್ ಕೂಡ ಆ ಕಾಡನ್ನು ಪ್ರೀತಿಯಿಂದಲೇ ನೋಡುತ್ತಾರೆ. ಆದರೆ ಅವರ ಕಣ್ಣು ಬೀಳುವುದು ಮುಂಜಾನೆ ಶೂ ಹಾಕಿಕೊಂಡು ಓಡುವವರ ಮೇಲೆ ಮಾತ್ರ ಅಲ್ಲ, ಅಲ್ಲೇ ಸೌದೆ ಹೊರೆ ಹೊತ್ತ ಹೆಂಗಸಿನ ಮೇಲೆ, ಮೇಕೆ ಬಿಟ್ಟ ಮುದುಕನ ಮೇಲೆ. ಒಬ್ಬರಿಗೆ ಕಾಡು ಅಂದರೆ ಗಾಳಿ, ಇನ್ನೊಬ್ಬರಿಗೆ ಅದು ಒಲೆ. ಕಾನೂನು ಮೊದಲನೆಯವರನ್ನು ಸಂದರ್ಶಕರು ಅನ್ನುತ್ತದೆ, ಎರಡನೆಯವರನ್ನು ಕಳ್ಳರು ಅನ್ನುತ್ತದೆ. ಜಾಲಿ ಸೌದೆ ಎಷ್ಟು ಚೆನ್ನಾಗಿ ಉರಿಯುತ್ತದೆ, ಅದರ ಕಾಯಿಗೆ ಮೇಕೆ ಹೇಗೆ ಮುಗಿಬೀಳುತ್ತವೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಪ್ರಶ್ನೆ: ನಾವಿರುವುದು ಅಮೆರಿಕದಲ್ಲಿ. ವಾರಾಂತ್ಯಕ್ಕೆ ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕಿಗೆ ಹೋಗುತ್ತೇವೆ. ಎಲ್ಲರಿಗೂ ತೆರೆದಿದೆ, ಟಿಕೆಟ್ ಇಲ್ಲ, ಭೇದಭಾವ ಇಲ್ಲ. ನಮ್ಮ ದೇಶ ಯಾವಾಗ ಹಾಗಾಗುತ್ತದೆ?
— ನ್ಯೂಜೆರ್ಸಿ

ಉತ್ತರ: ಟಿಕೆಟ್ ಇಲ್ಲದಿರುವುದು ನಿಜಕ್ಕೂ ಕಲಿಯಬೇಕಾದದ್ದು. ಮುಂದಿನ ಸಲ ಹೋದಾಗ ಪಾರ್ಕಿನ ಪಶ್ಚಿಮದ ಕಡೆ, 82ರಿಂದ 89ನೇ ಬೀದಿಗಳ ನೇರಕ್ಕೆ ನಡೆಯಿರಿ. ಅಲ್ಲಿ ಸೆನೆಕಾ ವಿಲೇಜ್ ಅಂತ ಒಂದು ಹಳ್ಳಿ ಇತ್ತು. 1825ರಿಂದ ಕಪ್ಪು ಜನ ಅಲ್ಲಿ ಸ್ವಂತ ದುಡ್ಡಿನಲ್ಲಿ ಜಾಗ ಕೊಂಡು ಮನೆ, ಚರ್ಚು, ಶಾಲೆ ಕಟ್ಟಿಕೊಂಡಿದ್ದರು. ಪಾರ್ಕು ಮಾಡಲು 1857ರ ಹೊತ್ತಿಗೆ ಎಲ್ಲರನ್ನೂ ಎಬ್ಬಿಸಿದರು. ದೆಹಲಿಯ ಲೋಧಿ ಗಾರ್ಡನ್ ಕೂಡ ಹಾಗೆಯೇ. ಆ ಗೋರಿಗಳ ಸುತ್ತ ಹಳ್ಳಿ ಇತ್ತು, ಅದನ್ನು ಎತ್ತಿಸಿ 1936ರಲ್ಲಿ 'ಲೇಡಿ ವಿಲ್ಲಿಂಗ್ಡನ್ ಪಾರ್ಕ್' ಅಂತ ಮಾಡಿದರು. ಸ್ವಾತಂತ್ರ್ಯ ಬಂದ ಮೇಲೆ ಹೆಸರು ಬದಲಾಯಿತು.

ಪ್ರಶ್ನೆ: ನಾನು ನಮ್ಮ ಲೇಔಟಿನ ನಿವಾಸಿಗಳ ಸಂಘದ ಕಾರ್ಯದರ್ಶಿ. ಪಕ್ಕದ ಪಾರ್ಕನ್ನು ನಾವೇ ದುಡ್ಡು ಹಾಕಿ ಚೆಂದ ಮಾಡಿದ್ದೇವೆ. ಹೊರಗಿನವರು ಬಂದು ಮಲಗುತ್ತಾರೆ, ಪ್ರೇಮಿಗಳು ಕೂರುತ್ತಾರೆ ಅಂತ ದೂರು ಬರುತ್ತಿದೆ. ಬೆಳಗ್ಗೆ 10ರಿಂದ ಸಂಜೆ 4ರವರೆಗೆ ಬೀಗ ಹಾಕೋಣ ಅಂತ ಸಂಘದಲ್ಲಿ ಮಾತಾಗಿದೆ. ನಿಮ್ಮ ಲೇಖನ ಓದಿದ ಮೇಲೆ ಗೊಂದಲವಾಗಿದೆ. ಏನು ಮಾಡಲಿ?
— ಬೆಂಗಳೂರು

ಉತ್ತರ: ಗೊಂದಲ ಆಯಿತು ಅಂತ ಬರೆದಿರಲ್ಲ, ಅದಕ್ಕೇ ನಿಮ್ಮ ಪತ್ರ ಕೊನೆಗೆ ಇಟ್ಟುಕೊಂಡೆ.

ಹೋದ ತಿಂಗಳು ಬೆಂಗಳೂರಿನಲ್ಲಿ ತಂಗಿಯ ಮನೆಗೆ ಹೋಗಿದ್ದೆ. ಹನ್ನೊಂದೂವರೆ ಬಿಸಿಲು. ಒಂದು ಪಾರ್ಕಿನ ಪಕ್ಕ ಇಬ್ಬರು ಪೌರಕಾರ್ಮಿಕ ಹೆಂಗಸರು ಫುಟ್‌ಪಾತಿನ ಕಲ್ಲಿನ ಮೇಲೆ ಕೂತು ಸ್ಟೀಲ್ ಡಬ್ಬಿಯಲ್ಲಿ ಚಿತ್ರಾನ್ನ ತಿನ್ನುತ್ತಿದ್ದರು. ಪೊರಕೆಗಳನ್ನು ಗ್ರಿಲ್ಲಿಗೆ ಒರಗಿಸಿದ್ದರು, ಗ್ರಿಲ್ಲಿನ ಚೂಪಾದ ತುದಿಗೆ ನೀರಿನ ಬಾಟಲಿಯ ಚೀಲ ನೇತು ಹಾಕಿದ್ದರು. ಗ್ರಿಲ್ಲಿನ ಆಚೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಹೊಂಗೆ ಮರದ ನೆರಳು, ನೆರಳಿನಲ್ಲಿ ಕಲ್ಲುಬೆಂಚು. ಖಾಲಿ. ಗೇಟಿಗೆ ಬೀಗ. ಬೆಳಗ್ಗೆ ಐದರಿಂದ ಆ ಬೀದಿ ಗುಡಿಸಿದವರು ಅವರು. ಒಳಗೆ ಕೂರಬಹುದಿತ್ತಲ್ಲಾ ಅಮ್ಮ ಅಂದೆ. "ಬೀಗ ತೆಗೆಯೋ ಹೊತ್ತಿಗೆ ನಾವು ಮನೇಲಿರ್ತೀವಿ" ಅಂದರು ಒಬ್ಬರು. ಸಿಟ್ಟು ಇರಲಿಲ್ಲ ಆ ಮಾತಿನಲ್ಲಿ. ನನಗೆ ಮಾತ್ರ ಆಮೇಲೆ ಊಟ ಸೇರಲಿಲ್ಲ.

ನೋಡಿ, 10ರಿಂದ 4 ಅನ್ನುವುದು ನಿಮಗೆ ಬೇಡದ ಹೊತ್ತು. ವಾಕಿಂಗ್ ಮುಗಿದಿರುತ್ತದೆ, ಮಕ್ಕಳು ಸ್ಕೂಲಿನಲ್ಲಿರುತ್ತಾರೆ. ಆದರೆ ಮನೆಗೆಲಸದವರು ಒಂದು ಮನೆ ಮುಗಿಸಿ ಇನ್ನೊಂದಕ್ಕೆ ಹೋಗುವ ನಡುವೆ ಕೂರುವುದು ಆಗಲೇ. ಡೆಲಿವರಿ ಹುಡುಗರು, ಗಾರೆ ಕೆಲಸದವರು, ಡ್ರೈವರ್‌ಗಳು ಊಟ ಮಾಡುವುದು, ಒಂದು ಕೋಳಿನಿದ್ದೆ ತೆಗೆಯುವುದು ಆಗಲೇ. ಅವರು ಹೊರಗಿನವರು ಹೇಗಾಗುತ್ತಾರೆ? ನಿಮ್ಮ ಲೇಔಟು ನಡೆಯುವುದೇ ಅವರಿಂದ. ಬೆಂಚಿನ ಮೇಲೆ ಮಲಗಿದವನಿಗೆ ಮನೆಯಲ್ಲಿ ಮಲಗಲು ಹಗಲು ಜಾಗ ಇದೆಯೋ ಇಲ್ಲವೋ ಯಾರಿಗೆ ಗೊತ್ತು. ಪ್ರೇಮಿಗಳ ವಿಷಯ, ಅವರು ಸುಮ್ನೆ ಮಾತಾಡಿಕೊಂಡು ಕೂತಿದ್ದರೆ ಕೂತಿರಲಿ ಬಿಡಿ. ಈ ಊರಲ್ಲಿ ದುಡ್ಡು ಕೊಡದೆ ಕೂರಲು ಅವರಿಗೆ ಇನ್ನೆಲ್ಲಿದೆ ಜಾಗ?

ಕಾನೂನಿನ ಮಾತೂ ಹೇಳುತ್ತೇನೆ. ಪಾರ್ಕು, ಆಟದ ಮೈದಾನ, ಬಯಲು ಜಾಗ ಕಾಪಾಡಲು ನಮ್ಮ ರಾಜ್ಯದಲ್ಲಿ 1985ರ ಕಾಯ್ದೆಯೇ ಇದೆ. ನೀವು ದುಡ್ಡು ಹಾಕಿದ್ದು ದೊಡ್ಡ ಮನಸ್ಸು, ಆದರೆ ಅದರಿಂದ ಪಾರ್ಕು ಸಂಘದ ಆಸ್ತಿ ಆಗುವುದಿಲ್ಲ. ಬೆಂಗಳೂರಿನ ಪಾರ್ಕುಗಳು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿರಬೇಕು ಅಂತ 2024ರಲ್ಲಿ ಪಾಲಿಕೆ ಹೇಳಿಯೂ ಆಗಿದೆ.

ಏನು ಮಾಡಲಿ ಅಂತ ಕೇಳಿದ್ದೀರಿ. ಬೀಗದ ಠರಾವು ಕೈಬಿಡಿ. ಆ ದುಡ್ಡಿನಲ್ಲಿ ಒಂದು ಕುಡಿಯುವ ನೀರಿನ ನಲ್ಲಿ ಹಾಕಿಸಿ, ಶೌಚಾಲಯಕ್ಕೆ ವಾರ್ಡ್ ಆಫೀಸಿಗೆ ಅರ್ಜಿ ಕೊಡಿ, ಕೊಟ್ಟು ಸುಮ್ನೆ ಕೂರಬೇಡಿ, ಬೆನ್ನು ಹತ್ತಿ. ಬೆಂಚಿನ ನಡುವೆ ಕಬ್ಬಿಣದ ಪಟ್ಟಿ ಕೂರಿಸೋಣ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಕುಡಿದು ಗಲಾಟೆ ಮಾಡುವವರಿದ್ದರೆ ಅವರ ಮೇಲೆ ದೂರು ಕೊಡಿ, ಅದಕ್ಕೆ ಊರಿಗೆಲ್ಲ ಗೇಟು ಮುಚ್ಚುವುದು ಬೇಡ. ಮುಂದಿನ ಮೀಟಿಂಗಿಗೆ ನಿಮ್ಮ ಬೀದಿ ಗುಡಿಸುವವರನ್ನು, ಮನೆಗೆಲಸಕ್ಕೆ ಬರುವವರನ್ನು ಕರೆದು ಕುರ್ಚಿ ಹಾಕಿ ಕೂರಿಸಿ, ಪಾರ್ಕಿನಲ್ಲಿ ಏನು ಬೇಕು ಅಂತ ಅವರ ಬಾಯಿಂದಲೇ ಕೇಳಿ. ಏನೆಂದರು ಅಂತ ನನಗೂ ಬರೆಯಿರಿ, ಇದೇ ಪುಟದಲ್ಲಿ ಹಾಕುತ್ತೇನೆ. ಹಾಗೇ, ಈಗ ಆ ಬೀಗದ ಕೈ ಯಾರ ಹತ್ತಿರ ಇರುತ್ತದೆ ಅಂತಲೂ ತಿಳಿದುಕೊಂಡು ಬರೆಯಿರಿ.